ಸ್ಕೂಬಾ ಸಿಲಿಂಡರ್: ಪರೀಕ್ಷೆಯ ದಿನಾಂಕ ತೋರಿಸಿ

ಶಿವಮೊಗ್ಗದ ಗೋಪಾಳ ಬಡಾವಣೆಯ ಯಾವ ಮನೆಯ ಅಡುಗೆ ಸಿಲಿಂಡರನ್ನಾದರೂ ನೋಡಿ. ಹಿಡಿಕೆಗೆ ಆಧಾರವಾದ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿಗಳಲ್ಲೊಂದು ಅಕ್ಷರ, ಪಕ್ಕದಲ್ಲಿ ಇಸವಿಯ ಎರಡಂಕಿ ಇರುತ್ತವೆ. ‘ಬಿ 28’ ಎಂದಿದ್ದರೆ 2028ರ ಜೂನ್ ಮುಗಿಯುವುದರೊಳಗೆ ಅದು ಮರುಪರೀಕ್ಷೆಗೆ ಹೋಗಬೇಕು. ರಜೆಯಲ್ಲಿ ಶಿವಮೊಗ್ಗ, ಭದ್ರಾವತಿಗಳಿಂದ ಮುರುಡೇಶ್ವರಕ್ಕೆ ಹೋಗಿ, ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡುವವರಿಗೂ ಇಂಥ ಮಾಹಿತಿ ಕೇಳದೆಯೇ ಸಿಗಬೇಕು. ಅವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ ಸುಮಾರು 200 ಬಾರ್. ಕಾರಿನ ಟೈರಿನದಕ್ಕಿಂತ ಹೆಚ್ಚುಕಡಿಮೆ ನೂರು ಪಟ್ಟು.

ಇಂಥ ಸಿಲಿಂಡರ್‌ಗೆ ಎರಡು ಬಗೆಯ ತಪಾಸಣೆ ಬೇಕು. ಹಲವು ದೇಶಗಳಲ್ಲಿ ಐದು ವರ್ಷಕ್ಕೊಮ್ಮೆ ನೀರು ತುಂಬಿಸಿ, ಬಳಕೆಯ ಒತ್ತಡಕ್ಕಿಂತ ಸುಮಾರು ಒಂದೂವರೆ ಪಟ್ಟು ಒತ್ತಡ ಕೊಟ್ಟು, ಲೋಹ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆಯೇ ಎಂದು ಅಳೆಯುತ್ತಾರೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಹಾಗಾಗಿ ಸಿಲಿಂಡರ್ ಒಡೆದರೂ ಭಾರಿ ಸ್ಫೋಟವಾಗುವುದಿಲ್ಲ. ಆದರೆ ಇದೊಂದೇ ಸಾಲದು. 6351 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಳೆಯ ಸಿಲಿಂಡರ್‌ಗಳ ಕತ್ತಿನಲ್ಲಿ ನಿರಂತರ ಒತ್ತಡದಿಂದ ಬಿರುಕು ಬೆಳೆದು, ಕೆಲವು ಸಿಡಿದಿವೆ. ಆ ಬಿರುಕು ಕಾಣಬೇಕಾದರೆ ವಾಲ್ವ್ ಬಿಚ್ಚಿ ಒಳಗೆ ಬೆಳಕು ಹಾಯಿಸಬೇಕು. ಉಕ್ಕಿನ ಸಿಲಿಂಡರ್‌ನ ಅಪಾಯ ಬೇರೆ: ಒಳಗೆ ತೇವ ಸೇರಿದರೆ ತುಕ್ಕು ಹಿಡಿಯುತ್ತದೆ, ತುಕ್ಕು ಒಳಗಿನ ಆಮ್ಲಜನಕವನ್ನೇ ಹೀರುತ್ತದೆ. ಬಹುಕಾಲ ತುಂಬಿಟ್ಟ ಅಂಥ ಸಿಲಿಂಡರ್‌ನ ಗಾಳಿ ಉಸಿರಾಡಿದವರು ನೀರಿನಡಿಯಲ್ಲೇ ಎಚ್ಚರ ತಪ್ಪಬಹುದು. ವರ್ಷಕ್ಕೊಮ್ಮೆ ಒಳಗೆ ನೋಡುವ ಪದ್ಧತಿ ಇದಕ್ಕಾಗಿಯೇ ಬಂದದ್ದು.

2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ, ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ ‘ಪೆಸೊ’ ಇದೆ, ಇನ್ನೇನು ಬೇಕು ಎನ್ನಬಹುದು. ನಿಯಮ ಸರಿ, ಆದರೆ ಪ್ರತಿ ದೋಣಿಯ ಬಳಿ ಅಧಿಕಾರಿ ನಿಲ್ಲಲಾರ. ಅಲ್ಲಿ ಸದಾ ಇರುವವರು ಪ್ರವಾಸಿಗರೇ. ಮೇಲಿಂದ ಮೇಲೆ ಒತ್ತಡ ಕೊಟ್ಟರೆ ಸಿಲಿಂಡರ್ ದುರ್ಬಲವಾದೀತು ಎಂಬ ಆತಂಕಕ್ಕೂ ಆಧಾರವಿಲ್ಲ. ಗಟ್ಟಿ ಲೋಹ ತಾಳಿಕೊಳ್ಳುವ ಮಿತಿಯೊಳಗೇ ಈ ಪರೀಕ್ಷೆ ನಡೆಯುತ್ತದೆ. ಖರ್ಚಿನ ಮಾತಿಗೆ ಬಂದರೆ, ಪರೀಕ್ಷೆಗೆ ಹಣ ಬೇಕು ನಿಜ, ಆಗಿರುವ ಪರೀಕ್ಷೆಯ ದಿನಾಂಕ ಬರೆದು ತೂಗುಹಾಕಲು ಒಂದು ಫಲಕ ಸಾಕು. ಪ್ರವಾಸೋದ್ಯಮ ಇಲಾಖೆ ಪರವಾನಗಿಯ ಷರತ್ತಿನಲ್ಲೇ ಇದನ್ನು ಸೇರಿಸಲಿ. ಅಲ್ಲಿಯವರೆಗೆ, ದೋಣಿ ಹತ್ತುವ ಮೊದಲು ಸಿಲಿಂಡರ್‌ನ ಹೆಗಲ ಮೇಲೆ ಒತ್ತಿರುವ ತಿಂಗಳು, ಇಸವಿ ತೋರಿಸಲು ಕೇಳಿ. ಐದು ವರ್ಷ ದಾಟಿದ್ದರೆ, ಇಲ್ಲವೇ ತೋರಿಸಲು ಒಪ್ಪದಿದ್ದರೆ, ನೀರಿಗೆ ಇಳಿಯಬೇಡಿ.