ವಲಸಿಗನ ವೇತನದ ಲೆಕ್ಕ

ಮಗನನ್ನು ಪರದೇಶಕ್ಕೆ ಕಳುಹಿಸಿದ ತಾಯ್ತಂದೆಯರಿಗೆ ಒಂದು ಚಿಂತೆ ಇದ್ದೇ ಇರುತ್ತದೆ: ಅಲ್ಲಿಯವರಷ್ಟು ವೇತನ ಇವನಿಗೂ ದೊರೆಯುವುದೇ? ಈ ಪ್ರಶ್ನೆಯನ್ನೇ ಜೀವಮಾನದ ಅಧ್ಯಯನವಾಗಿಸಿಕೊಂಡವರು ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್. 1950ರಲ್ಲಿ ಹವಾನಾದಲ್ಲಿ ಜನಿಸಿ, 1962ರಲ್ಲಿ ತಾಯಿಯೊಡನೆ ಅಮೆರಿಕೆಗೆ ಬಂದ ಅವರು ಸ್ವತಃ ವಲಸಿಗರು.

ವಲಸಿಗನು ಹತ್ತು ಹದಿನೈದು ವರ್ಷಗಳಲ್ಲಿ ಸ್ಥಳೀಯನ ಗಳಿಕೆಯನ್ನು ಸರಿಗಟ್ಟಿ ಮೀರುವನೆಂದು ಬ್ಯಾರಿ ಚಿಸ್ವಿಕ್ 1978ರಲ್ಲಿ ಪ್ರತಿಪಾದಿಸಿದ್ದರು. ಅವರ ಆಧಾರ 1970ರ ಒಂದೇ ಜನಗಣತಿ. ಹಳಬರೂ ಹೊಸಬರೂ ಬೇರೆ ಬೇರೆ ಜನರಲ್ಲವೇ, ಮೊದಲು ಬಂದವರು ಹೆಚ್ಚು ಕುಶಲರಾಗಿದ್ದರೆ ಇಂದಿನವರು ನಾಳೆ ಅವರಂತಾಗುವರೆಂದು ನಂಬುವುದೆಂತು ಎಂದು 1985ರಲ್ಲಿ ಬೋರ್ಹಾಸ್ ಕೇಳಿದರು. ಉತ್ತರ ಕೊಡುವುದು ಸುಲಭವಾಗಿರಲಿಲ್ಲ.

ಇನ್ನೊಂದು ವಾದ ಮಯಾಮಿ ನಗರದ್ದು. 1980ರಲ್ಲಿ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಕ್ಯೂಬನ್ನರು ಬಂದಿಳಿದರು. ನಗರದ ದುಡಿಯುವ ವರ್ಗ ಶೇ. 7ರಷ್ಟು ಹಿಗ್ಗಿತು. ಆದರೂ ಸ್ಥಳೀಯರ ಕೂಲಿ ಕುಸಿಯಲಿಲ್ಲವೆಂದು 1990ರಲ್ಲಿ ತೋರಿಸಿದ ಡೇವಿಡ್ ಕಾರ್ಡ್ 2021ರ ನೊಬೆಲ್ ಪುರಸ್ಕೃತರಲ್ಲೊಬ್ಬರು. ಪ್ರೌಢಶಾಲೆ ಮುಗಿಸದ ಸ್ಥಳೀಯರ ಕೂಲಿಯಂತೂ ತೀವ್ರವಾಗಿ ಕುಸಿಯಿತೆಂದು ಬೋರ್ಹಾಸ್ 2017ರಲ್ಲಿ ಬರೆದರು. ಆ ಲೆಕ್ಕಕ್ಕೆ ಸಿಕ್ಕವರು ತೀರ ಅಲ್ಪರೆಂಬುದು ಇತರ ವಿದ್ವಾಂಸರ ಆಕ್ಷೇಪ. ನಮಗೂ ಕಾರ್ಡರ ಪಕ್ಷವೇ ಬಲವಾಗಿ ತೋರುತ್ತದೆ. ಆದರೆ ಓದಿಲ್ಲದ ಕೂಲಿಕಾರನ ಪಾಡನ್ನು ಪ್ರತ್ಯೇಕವಾಗಿ ನೋಡಬೇಕೆಂಬ ಹಟ ಬೋರ್ಹಾಸರದೇ.