350 ಸಿಸಿಯ ಗೆರೆ, ಇಂಗ್ಲಿಷಿನ ಪಾಲಿಸಿ

ನಮ್ಮ ಬೀದಿಯ ಹುಡುಗ. ವಯಸ್ಸು ಇಪ್ಪತ್ನಾಲ್ಕು. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಮೂರು ವರ್ಷ ಚೀಟಿ ಕಟ್ಟಿ, ಮನೆಯಲ್ಲಿ ಬೈಸಿಕೊಂಡು, ಕೊನೆಗೂ ಒಂದು 390 ಡ್ಯೂಕ್ ತಂದ. ಸೆಕೆಂಡ್ ಹ್ಯಾಂಡು, ಆದರೂ ಅವನ ಕಣ್ಣಿಗೆ ಅದು ಐರಾವತ! ಪೂಜೆ ಆಯಿತು, ಚಕ್ರಕ್ಕೆ ನಿಂಬೆಹಣ್ಣು ಆಯಿತು, ಟ್ಯಾಂಕಿನ ಮೇಲೆ ಕೆಂಪು-ಹಳದಿ ಸ್ಟಿಕ್ಕರೂ ಆಯಿತು. ಇನ್ಷೂರೆನ್ಸಿನ ಸರದಿ ಬಂದಾಗ ಮಾತ್ರ ಏಜೆಂಟನಿಗೆ ಅವನು ಹೇಳಿದ್ದು ಒಂದೇ ಮಾತು: "ಅಣ್ಣಾ, ಯಾವುದು ಕಮ್ಮಿನೋ ಅದು ಹಾಕಿ." ಅಣ್ಣ ಹಾಕಿದ.

ಎರಡು ತಿಂಗಳಾಗಿತ್ತು. ಭಾನುವಾರ ಬೆಳಗ್ಗೆ ನಂದಿ ಬೆಟ್ಟದಿಂದ ಇಳಿಯುವಾಗ ತಿರುವಿನಲ್ಲಿ ಗಾಡಿ ಜಾರಿತು. ಓಡಿಸುತ್ತಿದ್ದವನಿಗೆ ಮೊಣಕೈ ತರಚಿತು. ಹಿಂದೆ ಕೂತಿದ್ದ ಗೆಳೆಯನ ತೊಡೆಮೂಳೆ ಮುರಿಯಿತು. ಆಸ್ಪತ್ರೆ ಬಿಲ್ಲು ಕೈಗೆ ಬಂದ ಮೇಲೆ ಎರಡೂ ಮನೆಯವರು ಪಾಲಿಸಿ ಕಾಗದ ಹುಡುಕಿ ನನ್ನ ಬಳಿ ತಂದರು. ತಲೆಬರಹದಲ್ಲೇ ಎರಡು ಇಂಗ್ಲಿಷ್ ಪದ: 'ಲಯಬಿಲಿಟಿ ಓನ್ಲಿ'. ಅದರ ಅರ್ಥ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಅರ್ಥ ಇಷ್ಟೇ ಸ್ವಾಮಿ. ನಿಮ್ಮ ಗಾಡಿಯಿಂದ ದಾರಿಹೋಕನಿಗೆ, ಎದುರಿನ ಗಾಡಿಯವನಿಗೆ ಪೆಟ್ಟಾದರೆ ಕಂಪನಿ ಕೊಡುತ್ತದೆ. ನಿಮ್ಮ ಗಾಡಿಗೆ ಒಂದು ಪೈಸೆಯೂ ಇಲ್ಲ. ಹಿಂದೆ ಕೂತ ಗೆಳೆಯನಿಗೆ? ಇಂಥ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂಬದಿ ಸವಾರನ ಹೊಣೆ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಪೂರ್ತಿ ಪ್ಯಾಕೇಜ್ ಪಾಲಿಸಿಯಾದರೆ ಹಿಂಬದಿ ಸವಾರನೂ ಅದರೊಳಗೇ ಬರುತ್ತಾನೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿತು. ಒಂದು ಪಾಲಿಸಿಗೂ ಇನ್ನೊಂದಕ್ಕೂ ನಡುವೆ ಇದ್ದದ್ದು ಕೆಲವು ಸಾವಿರ ರೂಪಾಯಿ. ಅದನ್ನು ಉಳಿಸಲು ಹೋಗಿ ನಮ್ಮ ಹುಡುಗ ಗೆಳೆಯನ ಕಾಲನ್ನೇ ಪಣಕ್ಕಿಟ್ಟಿದ್ದ, ಅದೂ ತನಗೆ ಗೊತ್ತಿಲ್ಲದೆ.

ಹಾಗಂತ ಅವನೊಬ್ಬನನ್ನೇ ಬೈಯುವಂತಿಲ್ಲ. ದೊಡ್ಡ ಬೈಕಿನ ಇನ್ಷೂರೆನ್ಸು ಹುಡುಗರ ಜೇಬಿಗೆ ಭಾರವೇ. ಥರ್ಡ್ ಪಾರ್ಟಿ ದರವನ್ನು ಕಂಪನಿಗಳು ನಿಗದಿ ಮಾಡುವುದಿಲ್ಲ, ಕೇಂದ್ರ ಸರ್ಕಾರ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿ ನೋಡಿ: 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ. 350 ದಾಟಿತೋ, 2,804! ಹೊಸ ಗಾಡಿಯಾದರೆ ಐದು ವರ್ಷದ್ದು ಒಟ್ಟಿಗೇ ಕಟ್ಟಬೇಕು. 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಬಂದ ನಿಯಮ ಅದು. ಗೆರೆಯ ಈಚೆ 7,365, ಆಚೆ 15,117. ಅದರ ಮೇಲೆ ನೂರಕ್ಕೆ ಹದಿನೆಂಟು ಜಿಎಸ್‌ಟಿ.

ಈ 350ರ ಗೆರೆಯನ್ನು ಎಳೆದ ಮಹಾಶಯರು ಎಂದಾದರೂ ಬೈಕು ಓಡಿಸಿದ್ದಾರೆಯೇ ಎಂದು ನನಗೆ ಗುಮಾನಿ. ಹೊಸೂರಿನಲ್ಲಿ ತಯಾರಾಗುವ ಅಪಾಚೆ ಆರ್‌ಆರ್ 310 ಬಂದದ್ದು 2017ರಲ್ಲಿ, 34 ಅಶ್ವಶಕ್ತಿಯೊಂದಿಗೆ. ರೇಸಿನ ಗಾಡಿಯ ಮೈಕಟ್ಟು, ಅದೇ ಓಟ. ಅದಕ್ಕೆ 1,366. ಹಳೆಯ 411 ಸಿಸಿ ಹಿಮಾಲಯನ್, ಇಪ್ಪತ್ನಾಲ್ಕು ಚಿಲ್ಲರೆ ಅಶ್ವಶಕ್ತಿ, ಎತ್ತಿನಂತೆ ನಿಧಾನವಾಗಿ ಘಾಟಿ ಹತ್ತುವ ಗಾಡಿ. ಅದಕ್ಕೆ 2,804. ಇನ್ನು 1,340 ಸಿಸಿಯ ಹಯಾಬುಸಾ ಇಟ್ಟುಕೊಂಡ ಸಾಹುಕಾರನಿಗೂ ಅದೇ 2,804! ನಮ್ಮ ಅಪ್ಪಂದಿರ ಕಾಲದಲ್ಲಿ ಮೈಸೂರಿನ ಯೆಜ್ಡಿ ರೋಡ್‌ಕಿಂಗ್ 250 ಸಿಸಿಯಲ್ಲೇ ಊರು ನಡುಗಿಸುತ್ತಿತ್ತು. ಆಗ ಸಿಸಿ ನೋಡಿ ಶಕ್ತಿ ಅಳೆದರೆ ನಡೆಯುತ್ತಿತ್ತೇನೋ. ಈಗ ಅಳೆಯುವ ಕೋಲೇ ಸೊಟ್ಟ. 2025ರ ಸೆಪ್ಟೆಂಬರ್ 22ರಿಂದ ಬೈಕಿನ ಜಿಎಸ್‌ಟಿಗೂ ಇದೇ ಗೆರೆ: 350ರವರೆಗೆ ನೂರಕ್ಕೆ 18, ಆಚೆಗೆ 40. ಗಾಡಿ ಆರಿಸುವ ಮುಂಚೆ ಈ ಗೆರೆಯನ್ನು ತಿಳಿದಿರಿ. 349 ಸಿಸಿಗೂ 373 ಸಿಸಿಗೂ ರಸ್ತೆಯ ಮೇಲೆ ಇರುವ ಅಂತರಕ್ಕಿಂತ ರಸೀದಿಯ ಮೇಲಿನ ಅಂತರ ದೊಡ್ಡದು.

ಥರ್ಡ್ ಪಾರ್ಟಿಯಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಇರುವುದು ಓನ್ ಡ್ಯಾಮೇಜ್ ಭಾಗದಲ್ಲಿ, ಅಂದರೆ ನಿಮ್ಮದೇ ಗಾಡಿಯ ರಕ್ಷಣೆಯಲ್ಲಿ. 2007ರಿಂದ ಅದರ ದರ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು, ಆದ್ದರಿಂದ ಒಂದೇ ಗಾಡಿಗೆ ನಾಲ್ಕು ಕಡೆ ನಾಲ್ಕು ದರ. ಷೋರೂಮಿನವನು "ಇಲ್ಲೇ ಮಾಡಿಸಬೇಕು ಸಾರ್, ಇಲ್ಲದಿದ್ದರೆ ಗಾಡಿ ಕೊಡೋದು ತಡ ಆಗುತ್ತೆ" ಎಂದರೆ ನಂಬಬೇಡಿ. ಷೋರೂಮಿನವರು ಹಾಗೆ ಬಲವಂತ ಮಾಡುವಂತಿಲ್ಲ ಎಂದು ಪ್ರಾಧಿಕಾರ 2017ರಲ್ಲೇ ಹೇಳಿದೆ. 2019ರ ಸೆಪ್ಟೆಂಬರಿನಿಂದ ಥರ್ಡ್ ಪಾರ್ಟಿ ಒಂದು ಕಂಪನಿಯದು, ಓನ್ ಡ್ಯಾಮೇಜ್ ಮಾತ್ರ ಬೇರೆ ಕಂಪನಿಯದು ಎಂದೂ ತೆಗೆದುಕೊಳ್ಳಬಹುದು. ಹಳೆಯ ಗಾಡಿಯವರು ಪ್ರತಿ ವರ್ಷ ಇದನ್ನು ವಿಚಾರಿಸಬೇಕು. ಎಷ್ಟು ಜನ ವಿಚಾರಿಸುತ್ತಾರೆ?

ಅಗ್ಗ ಮಾಡಿಕೊಡುತ್ತೇನೆ ಎನ್ನುವ ಏಜೆಂಟ್ ಮೊದಲು ಕೈ ಹಾಕುವುದು ಐಡಿವಿಗೆ. ಗಾಡಿ ಕಳವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ಅದನ್ನು ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ, ನೀವು ಖುಷಿಪಡುತ್ತೀರಿ. ಗಾಡಿ ಹೋದ ದಿನ ಲೆಕ್ಕ ತಿಳಿಯುತ್ತದೆ. ಎರಡನೆಯದು ಸವಕಳಿ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ ದುಡ್ಡು ಮಾತ್ರ. ಸ್ಪೋರ್ಟ್ಸ್ ಬೈಕಿನ ಮೈಯೆಲ್ಲ ಪ್ಲಾಸ್ಟಿಕ್ ತಾನೆ! ಬಿದ್ದು ಮುರಿದ ಮುಂಗವಚದ ಬೆಲೆ ಇಪ್ಪತ್ತು ಸಾವಿರ ಎಂದಿಟ್ಟುಕೊಳ್ಳಿ, ಹತ್ತು ಸಾವಿರ ನಿಮ್ಮ ಜೇಬಿನಿಂದ. ಇಂಥ ಗಾಡಿ ಹೊಸದಿದ್ದಾಗ 'ಝೀರೋ ಡೆಪ್ರಿಸಿಯೇಷನ್' ಸೇರಿಸಿಕೊಳ್ಳುವುದು ದುಂದು ಅಲ್ಲ. ಹಳೆಯ ಬುಲೆಟ್ಟಿಗೆ ಬೇಡ ಬಿಡಿ, ಅದರಲ್ಲಿ ಇರುವುದೆಲ್ಲ ಕಬ್ಬಿಣ.

ನಿಜವಾದ ಉಳಿತಾಯ ಇರುವುದು ನೋ ಕ್ಲೇಮ್ ಬೋನಸ್ಸಿನಲ್ಲಿ. ಮೊದಲ ವರ್ಷ ಕ್ಲೇಮಿಲ್ಲದಿದ್ದರೆ 20 ಪರ್ಸೆಂಟು, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮು ಹಾಕಿದಿರೋ, ಏಣಿಯಿಂದ ನೆಲಕ್ಕೆ. ಅಂದಾಜಿಗೆ, ಓನ್ ಡ್ಯಾಮೇಜ್ ಪ್ರೀಮಿಯಂ 6,000 ಇದ್ದು 35 ಪರ್ಸೆಂಟ್ ಬೋನಸ್ಸಿದ್ದರೆ ಅದರ ಬೆಲೆ 2,100. ಅದನ್ನು ಕಳೆದುಕೊಂಡು 1,500ರ ಕನ್ನಡಿಗೆ ಕ್ಲೇಮು ಹಾಕುವವನಿಗೆ ಏನನ್ನಬೇಕು? ಈ ಬೋನಸ್ಸು ಗಾಡಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಹಳೆಯ ಸ್ಕೂಟರು ಮಾರಿದಾಗ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಹೊಸ ಬೈಕಿಗೆ ಬಳಸಬಹುದು. ಅಪ್ಪನ ಹೆಸರಿನ ಬೋನಸ್ಸು ಮಗನ ಬೈಕಿಗೆ ಬರುವುದಿಲ್ಲ. ಪಾಲಿಸಿ ಮುಗಿದು 90 ದಿನ ಕಳೆದರೂ ಅದು ಹೋಯಿತು. ಸೆಕೆಂಡ್ ಹ್ಯಾಂಡ್ ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಸಿ ನಿಮ್ಮದು, ಪಾಲಿಸಿ ಮಾರಿದವನದು ಎಂದಾದರೆ ನಿಮ್ಮ ಗಾಡಿಯ ನಷ್ಟಕ್ಕೆ ಕಂಪನಿ ಕೈ ಎತ್ತುತ್ತದೆ. ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗಿ ರೇಸು ಹೊಡೆದು ಬಿದ್ದರೂ ಅಷ್ಟೇ, ರೇಸು ಪಾಲಿಸಿಯ ಹೊರಗೆ. ಮತ್ತೊಂದು ಸಂಗತಿ ಕಿವಿಯಲ್ಲಿ ಹೇಳುತ್ತೇನೆ: ನಿಮ್ಮ ಬೈಕಿನಿಂದ ಬೇರೆಯವರ ಆಸ್ತಿಗೆ ಆಗುವ ಹಾನಿಗೆ ಕಂಪನಿಯ ಮಿತಿ ಒಂದು ಲಕ್ಷ. ಯು.ಬಿ. ಸಿಟಿಯ ಮುಂದೆ ಯಾವ ಕಾರಿನ ಹಿಂದೆ ನಿಲ್ಲುತ್ತಿದ್ದೀರಿ ಎಂದು ನೋಡಿಕೊಂಡು ನಿಲ್ಲಿ.

ಇಷ್ಟನ್ನೂ ಕಂಪನಿಗಳು ತಮ್ಮ ಕಾಗದದಲ್ಲಿ ಬರೆದೇ ಇರುತ್ತವೆ. ಯಾವ ಭಾಷೆಯಲ್ಲಿ? ಅಲ್ಲೇ ಇರುವುದು ಮರ್ಮ. ಜಾಹೀರಾತು ಕನ್ನಡದಲ್ಲಿ, ಫೋನಿನಲ್ಲಿ ಕರೆಯುವ ಹುಡುಗಿಯ 'ನಮಸ್ಕಾರ ಸರ್' ಕನ್ನಡದಲ್ಲಿ, ದುಡ್ಡು ಕೇಳುವ ಮೆಸೇಜು ಕನ್ನಡದಲ್ಲಿ. ಏನು ಕೊಡುವುದಿಲ್ಲ ಎಂಬ ಪಟ್ಟಿ ಮಾತ್ರ ಇಂಗ್ಲಿಷಿನಲ್ಲಿ! ಪಾಲಿಸಿದಾರರ ಹಿತರಕ್ಷಣೆಗೆಂದು ಪ್ರಾಧಿಕಾರ 2002ರಲ್ಲಿ ಮಾಡಿದ ನಿಯಮದಲ್ಲಿ ಒಂದು ಸಾಲಿತ್ತು: ವಿಮೆಯ ಕಾಗದಪತ್ರಗಳನ್ನು ಸಂದರ್ಭ ನೋಡಿ ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಒದಗಿಸ'ಬಹುದು' ಎಂದು. ಒದಗಿಸಬೇಕು ಎಂದಲ್ಲ, ಒದಗಿಸಬಹುದು. ಆ 'ಬಹುದು' ಎಂಬ ಸಂದಿಯಲ್ಲಿ ಕನ್ನಡ ಇಷ್ಟು ವರ್ಷ ಸಿಕ್ಕಿಕೊಂಡಿತ್ತು. 2024ರಲ್ಲಿ ಪಾಲಿಸಿಯ ಸಾರಾಂಶವನ್ನು ಸರಳವಾಗಿ ಹೇಳುವ 'ಗ್ರಾಹಕ ಮಾಹಿತಿ ಪತ್ರ' ಬಂತು. ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೇಳದವನಿಗೆ ಯಾರೂ ಮನೆಗೆ ತಂದು ಕೊಡುವುದಿಲ್ಲ. ಬಂದ್ ದಿನ ಬೈಕ್ ರ‍್ಯಾಲಿಯಲ್ಲಿ ಗಂಟಲು ಹರಿಯುವಂತೆ ಕೂಗುವ ನಾವು, ಮರುದಿನ ಕೌಂಟರಿನಲ್ಲಿ "ಸೈನ್ ಹಿಯರ್" ಎಂದ ಕಡೆಯಲ್ಲೆಲ್ಲ ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತೇವೆ. ನಾನೂ ಹಾಕಿದ್ದೇನೆ.

ಕಂಪನಿ ಕ್ಲೇಮು ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು. ಉತ್ತರ ಸರಿಯಿಲ್ಲದಿದ್ದರೆ ಬೆಂಗಳೂರಿನಲ್ಲೇ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು.

ನಮ್ಮ ಹುಡುಗನ ಗೆಳೆಯ ಈಗ ಕೋಲು ಬಿಟ್ಟು ನಡೆಯುತ್ತಿದ್ದಾನೆ. ಆಸ್ಪತ್ರೆಯ ಸಾಲವನ್ನು ಇಬ್ಬರೂ ಸೇರಿ ತೀರಿಸುತ್ತಿದ್ದಾರೆ. ಹೋದ ತಿಂಗಳು ಪಾಲಿಸಿ ಮುಗಿಯಲು ಬಂದಾಗ ಅದೇ ಏಜೆಂಟ್ ಬಂದಿದ್ದ. ಹುಡುಗ ಈ ಸಲ ಕೇಳಿದ್ದು ಬೇರೆ: "ಅಣ್ಣಾ, ಹಿಂದೆ ಕೂತವರಿಗೆ ಏನು ಸಿಗುತ್ತೆ, ಏನು ಸಿಗಲ್ಲ, ಕನ್ನಡದಲ್ಲಿ ಬರೆದು ಕೊಡಿಸಿ. ಆಮೇಲೆ ದುಡ್ಡು." ಏಜೆಂಟ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಆಫೀಸಿಗೆ ಫೋನು ಹಚ್ಚಿದ.