ಚಕ್ರದ ಬೂಟು ಮತ್ತು ಮಕ್ಕಳ ಮಣಿಕಟ್ಟು

ಬೇಸಿಗೆಯ ರಜೆಗೆ ಹುಬ್ಬಳ್ಳಿ, ಬೆಳಗಾವಿಗಳಿಂದ ಅಜ್ಜನ ಊರಿಗೆ ಬರುವ ಮಕ್ಕಳು ಈಗ ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟಿಂಗ್ ಬೂಟುಗಳನ್ನೂ ತರುತ್ತಾರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಹಳ್ಳಿಗಳ ಕಾಂಕ್ರೀಟ್ ರಸ್ತೆಗಳೇ ಅವರ ಆಟದ ಬಯಲು. ಈ ಆಟ ಕಾಲುಗಳಿಗೆ ಬಲವನ್ನೂ ದೇಹಕ್ಕೆ ಸಮತೋಲವನ್ನೂ ಕೊಡುತ್ತದೆ. ಅದನ್ನು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಬೂಟಿಗೆ ಹಣ ಕೊಟ್ಟ ಪಾಲಕರು ಮಣಿಕಟ್ಟಿನ ಕವಚವನ್ನು ಮಾತ್ರ ಅನವಶ್ಯಕ ವೆಚ್ಚವೆಂದು ಬಿಡುವುದನ್ನು ಒಪ್ಪಲಾರೆವು.

ಬೀಳುವ ಬಗೆಯನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ನಮ್ಮ ರಸ್ತೆಗಳಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ಎರೆಮಣ್ಣಿನ ಹೆಂಟೆ, ಒಕ್ಕಣೆಯ ಬಳಿಕ ಉಳಿದ ಕಡಲೆ, ಜೋಳದ ಕಾಳು ಬಿದ್ದಿರುತ್ತವೆ. ಸಣ್ಣ ಚಕ್ರ ಅದಕ್ಕೆ ತಾಗಿ ತಟ್ಟನೆ ತಡೆಯುತ್ತದೆ. ದೇಹ ಮಾತ್ರ ಮುಂದಕ್ಕೆ ಧಾವಿಸುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಲು ಬಾರದ ಮಗುವಿನ ಗತಿಯೂ ಅದೇ. ಬೀಳುವವನು ಸಹಜವಾಗಿ ಕೈ ಚಾಚುತ್ತಾನೆ. ಮೈಭಾರವೆಲ್ಲ ಅಂಗೈಯ ಮೂಲಕ ಮುಂಗೈ ಎಲುಬಿನ ತುದಿಗೆ ಬೀಳುತ್ತದೆ. ಮಕ್ಕಳ ಎಲುಬು ಬೆಳೆಯುವ ಭಾಗವೂ ಅಲ್ಲಿಯೇ ಇರುವುದರಿಂದ, ಅಲಕ್ಷಿಸಿದರೆ ಕೈ ಸೊಟ್ಟಗೆ ಬೆಳೆಯಬಹುದು.

1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಕವಚ ಧರಿಸದವರಿಗೆ ಮಣಿಕಟ್ಟಿನ ಗಾಯದ ಸಂಭವ ಸುಮಾರು 10 ಪಟ್ಟು ಹೆಚ್ಚೆಂದು ಕಂಡುಬಂದಿತು. ಕವಚದೊಳಗಿನ ಗಟ್ಟಿ ಪಟ್ಟಿಯು ಅಂಗೈಯನ್ನು ನೆಲದ ಮೇಲೆ ಜಾರಿಸಿ, ಪೆಟ್ಟನ್ನು ಹಂಚುತ್ತದೆ.

ಬಿದ್ದ ಮೇಲಿನ ತಪ್ಪು ಇನ್ನೂ ದೊಡ್ಡದು. ಊದಿದ ಕೈಗೆ ಎಣ್ಣೆ ಹಚ್ಚಿ ತಿಕ್ಕುವುದು, ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿಸುವುದು ನಮ್ಮಲ್ಲಿ ರೂಢಿ. ಇದನ್ನೇ ಆಯುರ್ವೇದವೆಂದು ತಿಳಿಯಬಾರದು. ಕಾಂಡಭಗ್ನವನ್ನು 12, ಸಂಧಿಮುಕ್ತವನ್ನು 6 ಬಗೆಯಾಗಿ ವಿಂಗಡಿಸಿದ ಸುಶ್ರುತಾಚಾರ್ಯರು, ಕಟ್ಟು ಸಡಿಲಾದರೆ ಸಂಧಿ ನಿಲ್ಲದು, ಬಿಗಿಯಾದರೆ ಬಾವು ನೋವುಗಳು ಹೆಚ್ಚುವವೆಂದು ಎಚ್ಚರಿಸಿದ್ದಾರೆ. ಭಗ್ನದ ಬಗೆ ತಿಳಿಯದೆ ಚಿಕಿತ್ಸೆ ಸಲ್ಲದು. ಅದನ್ನು ತಿಳಿಯಲು ಇಂದು ಎಕ್ಸ್-ರೇ ಇದೆ. ಆದುದರಿಂದ ಕೈಯನ್ನು ಅಲುಗದಂತೆ ಜೋಳಿಗೆ ಕಟ್ಟಿ, ಮೊದಲು ಆಸ್ಪತ್ರೆಗೆ ಒಯ್ಯಬೇಕು. ಹೆಬ್ಬೆರಳಿನ ಬುಡದ ನೋವು ಉಳಿದರೆ, ಮೊದಲ ಚಿತ್ರದಲ್ಲಿ ಬಿರುಕು ಕಾಣದಿದ್ದರೂ ಮತ್ತೆ ತೋರಿಸಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ ತಡಮಾಡದೆ ಕಟ್ಟು ಬಿಚ್ಚಿಸಬೇಕು. ತೈಲಾಭ್ಯಂಗಕ್ಕೆ ಎಲುಬು ಕೂಡಿದ ಬಳಿಕ ಕಾಲವುಂಟು.

ಇಷ್ಟಲಿಂಗವನ್ನು ಧರಿಸುವ ಅಂಗೈ, ನಾಳೆ ಕಾಯಕಕ್ಕೆ ಸಲ್ಲಬೇಕಾದ ಕೈ ಇದು. ಮಕ್ಕಳು ಆಡಲಿ, ಶಿರಸ್ತ್ರಾಣ, ಮಣಿಕಟ್ಟು, ಮೊಣಕೈ, ಮೊಣಕಾಲಿನ ಕವಚಗಳಿಲ್ಲದೆ ಬೂಟು ಕಟ್ಟದಿರಲಿ. ಆಡುವ ಮುನ್ನ ಹಿರಿಯರೊಬ್ಬರು ರಸ್ತೆಯ ಕಾಳು, ಕಲ್ಲು ಗುಡಿಸಲಿ.